ಕೂಗಳತೆಯ ವಿಳಾಸ

ಗಂಟೆ ಬಡಿದಿದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು. ತಾನು ಬಡಿದೇ ಇಲ್ಲ ಎಂದು ಗಂಟೆ ಹೇಳುತ್ತಿತ್ತು. ಎರಡರಲ್ಲಿ ಒಂದು ಸುಳ್ಳಾಡುತ್ತಿರಬೇಕು. ಆದರೆ ಸುಳ್ಳಾಡುವಷ್ಟು ಬುದ್ಧಿ ಯಂತ್ರಗಳಿಗೆ ಇನ್ನೂ ಬಂದಿಲ್ಲವೆಂಬುದು ದಾಕ್ಷಾಯಣಿಯ ನಂಬಿಕೆ. ಹದಿಮೂರು ವರ್ಷ ಪ್ರೋಗ್ರಾಮ್ ಬರೆದ ಹೆಂಗಸು ಅವಳು. ಯಂತ್ರ ತಪ್ಪಿದೆ ಎಂದರೆ ಬರೆದವರು ಎಲ್ಲೋ ತಪ್ಪಿದ್ದಾರೆ ಎಂದೇ ಅರ್ಥ ಎಂದು ಅನುಭವದಿಂದ ಬಲ್ಲವಳು.

ಅವಳು ಕೆಲಸ ಮಾಡುತ್ತಿದ್ದುದು ಕಪ್ಪತಗುಡ್ಡದ ಬುಡದ ಸಿಡಿಲು ಕಾವಲು ಕೇಂದ್ರದಲ್ಲಿ. ಗುಡ್ಡದ ಮೇಲೂ ಕೆಳಗಿನ ಎರೆ ಬಯಲಿನಲ್ಲೂ ನಿಂತ ನೂರಾರು ಗಾಳಿಯಂತ್ರಗಳಿಗೆ ಅಲ್ಲಿಯ ಜನ 'ಫ್ಯಾನ್' ಎನ್ನುತ್ತಾರೆ. ಪ್ರತಿ ಫ್ಯಾನಿನ ಕಂಬಕ್ಕೂ ಕೇಂದ್ರದವರು ಒಂದೊಂದು ಡಬ್ಬಿ ಬಿಗಿದಿದ್ದರು. ಮೋಡಕ್ಕೂ ನೆಲಕ್ಕೂ ನಡುವೆ ವಿದ್ಯುತ್ತಿನ ಒತ್ತಡ ಹೇಗೆ ಏರುತ್ತದೆಂದು ಆ ಡಬ್ಬಿಗಳು ಅಳೆಯುತ್ತಿದ್ದವು. ನೂರಾರು ಡಬ್ಬಿಗಳ ಅಳತೆಯನ್ನು ಕೂಡಿಸಿ ನೋಡಿದರೆ, ಸಿಡಿಲು ಯಾವ ಹೊಲಕ್ಕೆ ಬೀಳುತ್ತದೆ ಎನ್ನುವುದು ಹನ್ನೊಂದು ನಿಮಿಷ ಮೊದಲೇ ತಿಳಿಯುತ್ತಿತ್ತು.

ತಿಳಿದರೆ ಸಾಕೇ? ತಿಳಿಸಬೇಕಲ್ಲ. ಊರಿನವರು ಗುಡುಗು ಕೇಳಿದೊಡನೆ ಸೂರು ಸೇರುತ್ತಾರೆ. ಸೂರೇ ಇಲ್ಲದವರು ಕುರಿ ಕಾಯುವವರು. ಅವರಿಗಾಗಿ ಹಿಂಡಿನ ಮುಂದಾಳು ಟಗರಿನ ಕೊರಳಿಗೆ ಒಂದು ಸಿಡಿಲುಗಂಟೆ ಕಟ್ಟಿದರು. ಅಂಗೈಯಗಲದ ಡಬ್ಬಿ ಅದು. ಕೇಂದ್ರದಿಂದ ಸುದ್ದಿ ಬಂದರೆ ಬಡಿದುಕೊಳ್ಳುತ್ತಿತ್ತು. ತೊಡಕು ಇದ್ದದ್ದು ವಿಳಾಸದಲ್ಲಿ. ಹಿಂಡು ಯಾವ ಫ್ಯಾನಿನ ಕೆಳಗೆ ಹೋದರೆ ಗಂಟೆಗೆ ಆ ಫ್ಯಾನಿನ ಹೊಸ ಅಂಕಿ-ವಿಳಾಸ. ಬೆಳಿಗ್ಗೆ ಒಂದು, ಸಂಜೆ ಮತ್ತೊಂದು. ಬದಲಾಗದೆ ಉಳಿಯುವುದು ಹಿಂಡಿನ ಒಡೆಯರ ಹೆಸರೊಂದೇ. ಹಾಗಾಗಿ ಫ್ಯಾನಿನ ಡಬ್ಬಿಗಳಿಗೆ ಹತ್ತಿಸಿದ ಅವಳ ಪ್ರೋಗ್ರಾಮ್ ಪ್ರತಿ ಸಲ ಹೆಸರು ಹಿಡಿದು ಕೇಳಬೇಕಿತ್ತು: 'ಮಾಳವ್ವನ ಗಂಟೆ ಈಗ ಎಲ್ಲಿದೆ?' ಉತ್ತರವಾಗಿ ಬಂದ ಅಂಕಿಗೆ ಸುದ್ದಿ ಕಳಿಸಬೇಕಿತ್ತು.

ಬೇಸಿಗೆಯಲ್ಲಿ ಬ್ಯಾಟರಿ ಬದಲಿಸಲು ಗಂಟೆಗಳನ್ನೆಲ್ಲ ತರಿಸಿದ್ದರು. ತಾನು ಯಾವಾಗ ಬಡಿದೆ, ಯಾವಾಗ ಜಾಗ ಬಿಟ್ಟು ಕದಲಿದೆ ಎಂಬುದನ್ನು ಪ್ರತಿ ಗಂಟೆಯೂ ತನ್ನೊಳಗೆ ನೆನಪಿಟ್ಟುಕೊಂಡಿರುತ್ತದೆ. ಆ ನೆನಪನ್ನು ಈವರೆಗೆ ಯಾರೂ ತೆಗೆದು ನೋಡಿರಲಿಲ್ಲ. ಗಂಟೆಗಳು ಹಿಂಡುಗಳಿಗೆ ಮರಳುವ ಮೊದಲು ದಾಕ್ಷಾಯಣಿ ಸುಮ್ಮನೆ ಕುತೂಹಲಕ್ಕೆ ತೆಗೆದಿಟ್ಟುಕೊಂಡಳು. ಎರಡು ವರ್ಷದಲ್ಲಿ ಮಾಳವ್ವನ ಹಿಂಡಿಗೆ ಮೂವತ್ತೊಂದು ಸಲ ಎಚ್ಚರಿಕೆ ಹೋಗಿತ್ತು. ಆ ಮೂವತ್ತೊಂದರಲ್ಲಿ ಒಮ್ಮೆಯೂ ಮಾಳವ್ವನ ಗಂಟೆ ಬಡಿದಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಮೊದಲ ಒಂದೆರಡನ್ನು ಬಿಟ್ಟರೆ ಪ್ರತಿ ಸಲವೂ ಆ ಹಿಂಡು ನಾಲ್ಕೇ ನಿಮಿಷದೊಳಗೆ ಜಾಗ ಬಿಟ್ಟು ಕದಲಿತ್ತು. ಜೋಡಿಯಾಗಿ ಅಲೆಯುವ ನಲವತ್ತು ಜತೆ ಹಿಂಡುಗಳದ್ದೂ ಇದೇ ಕಥೆ. ಒಂಟಿ ಹಿಂಡುಗಳ ಗಂಟೆಗಳು ಮಾತ್ರ ಬಡಿಯಬೇಕಾದಾಗ ನೆಟ್ಟಗೆ ಬಡಿದಿದ್ದವು; ಆದರೂ ಆ ಹಿಂಡುಗಳು ಕದಲಿದ್ದು ತಡವಾಗಿ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪ್ರಹ್ಲಾದ ಕಟ್ಟಿಯವರು ಇದನ್ನು ಕೇಳಿದ್ದೇ ಕುರ್ಚಿಯಿಂದ ಎದ್ದು ನಿಂತರು. ಧಾರವಾಡದ ಕಡೆಯವರು, ಸಂತೋಷವಾದರೆ ಕನ್ನಡಕ ಒರೆಸಿಕೊಳ್ಳುವುದು ಅವರ ಚಾಳಿ.

"ಕುರಿಗೆ ಮೊದಲ ತಿಳೀತದ್ರಿ! ನೆಲದಾಗ ಸೆಳವು ಹರೀತದ, ಗೊರಸಿಗೆ ಗೊತ್ತಾಗತದ. ನಾವು ಕೋಟಿ ಸುರುವಿ ಡಬ್ಬಿ ಕಟ್ಟೇವಿ, ಅವು ನಾಲ್ಕು ಕಾಲು ಇಟಗೊಂಡ ಹುಟ್ಟ್ಯಾವ. ಇದರ ಮ್ಯಾಲೆ ಒಂದು ಪ್ರಬಂಧ ಬರೀಲಿಕ್ಕೆ ಬೇಕು."

"ಒಂಟಿ ಹಿಂಡಿನ ಕುರಿಗೂ ನಾಲ್ಕೇ ಕಾಲಲ್ರಿ ಸರ್? ಅವಕ್ಕ್ಯಾಕ ತಿಳಿಯವಲ್ದು?" ಎಂದಳು ದಾಕ್ಷಾಯಣಿ. "ಮತ್ತ ಮಾಳವ್ವನ ಗಂಟೆ ಬ್ಯಾರೆ ಹೊತ್ತಿನಾಗ ಇಪ್ಪತ್ತೇಳು ಸಲ ಬಡದೈತಿ. ಅದು?"

"ಟಗರು ಬೇಲಿಗೆ ತಿಕ್ಕಿರಬೇಕು ಬಿಡ್ರಿ," ಎಂದರು ಕಟ್ಟಿಯವರು. ಪ್ರಬಂಧದ ತಲೆಬರಹ ಆಗಲೇ ಅವರ ಕಣ್ಣ ಮುಂದೆ ಕುಣಿಯುತ್ತಿತ್ತು.

ಬೇಲಿಗೆ ತಿಕ್ಕಿದರೆ ಗಂಟೆ ಬಡಿಯುವುದಿಲ್ಲ. ಅದನ್ನು ಹೇಳಿ ದೊಡ್ಡವರ ಸಂತೋಷ ಕೆಡಿಸುವುದೇಕೆಂದು ಅವಳು ತನ್ನ ಮೇಜಿಗೆ ಮರಳಿದಳು.

ಮರುದಿನ ಬೆಳಿಗ್ಗೆ ಐದಕ್ಕೆ ಗದಗಿನ ಮನೆಯಲ್ಲಿ ಅವಳ ಗಂಡ ವಿರೂಪಾಕ್ಷನ ಮೊಬೈಲು ಅರಚಿಕೊಂಡಿತು. ಹೈಸ್ಕೂಲಿನಲ್ಲಿ ಆಟ ಆಡಿಸುವ ಮೇಷ್ಟ್ರು ಅವನು. ದಿನಾ ಓಡಬೇಕೆಂದು ಅಲಾರಂ ಇಡುತ್ತಾನೆ. ಅದು ಅವನ ದಿಂಬಿನ ಕೆಳಗೇ ಬಡಿದುಕೊಳ್ಳುತ್ತದೆ, ಅವನು ಕದಲುವುದಿಲ್ಲ. ಮೂರನೆಯ ಸಲಕ್ಕೆ ದಾಕ್ಷಾಯಣಿ ಎದ್ದು ಅವನ ಭುಜ ಅಲುಗಿಸುತ್ತಾಳೆ.

"ನಿಮ್ಮ ಅಲಾರಂ ಹನ್ನೆರಡು ವರ್ಷದಿಂದ ನನ್ನ ಎಬ್ಬಸಾಕತ್ತೈತ್ರಿ. ನಿಮ್ಮನ್ನ ಒಮ್ಮೆರ ಎಬ್ಬಿಸೇತೇನು?"

"ನೀ ಎಬ್ಬಸ್ತೀಯಲ್ಲ, ಮತ್ಯಾಕ?" ಎಂದು ಅವನು ಮಗ್ಗುಲಾದ.

ಅವಳು ಚಹಾಕ್ಕೆ ನೀರಿಟ್ಟು ಹಾಗೇ ನಿಂತಳು. ಒಬ್ಬರಿಗೆಂದು ಇಟ್ಟ ಗಂಟೆ ಇನ್ನೊಬ್ಬರ ಕಿವಿಗೆ ಹೋಗುತ್ತಿದ್ದರೆ? ಬಡಿದೇ ಇಲ್ಲದ ಗಂಟೆಯನ್ನು ನೋಡುತ್ತ ಕೂತು, ಕಾರಣವಿಲ್ಲದೆ ಬಡಿದ ಗಂಟೆಯನ್ನು ತಾನು ನೋಡಲೇ ಇಲ್ಲವಲ್ಲ! ಒಲೆ ಆರಿಸಿ, ಚಹಾ ಕುಡಿಯದೆ ಲ್ಯಾಪ್‌ಟಾಪ್ ತೆರೆದಳು. ಮಾಳವ್ವನ ಜೋಡಿ ಹಿಂಡು ಅವಳ ತಮ್ಮ ಲಗಮಣ್ಣನದು. ಲಗಮಣ್ಣನಿಗೆ ಎರಡು ವರ್ಷದಲ್ಲಿ ಹೋದ ಎಚ್ಚರಿಕೆಗಳು ಇಪ್ಪತ್ತೇಳು. ಮಾಳವ್ವನ ಗಂಟೆ ಕಾರಣವಿಲ್ಲದೆ ಬಡಿದ ಹೊತ್ತಿಗೂ ಅವಕ್ಕೂ ಒಂದು ಸೆಕೆಂಡಿನ ಅಂತರವೂ ಇರಲಿಲ್ಲ.

ಆಮೇಲೆ ತಪ್ಪು ಸಿಗಲು ಹೆಚ್ಚು ಹೊತ್ತಾಗಲಿಲ್ಲ. ಅದು ಅವಳದೇ ಕೈಬರಹ.

ಅವಳು ಪ್ರೋಗ್ರಾಮ್ ಬರೆಯುವ 'ಸಿ' ಭಾಷೆಯಲ್ಲಿ ಹೆಸರು ಕೊಟ್ಟು ವಿಳಾಸ ಪಡೆಯುವುದಕ್ಕೆ ಹಳೆಯದೊಂದು ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ಇದೆ, ಗೆಟ್‌ಹೋಸ್ಟ್‌ಬೈನೇಮ್ ಎಂದು. ಅದರ ಸ್ವಭಾವ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಸಿಡುಕು ಗುಮಾಸ್ತನದು. ನೀವು ಹೆಸರು ಹೇಳಿದರೆ ಅವನು ವಿಳಾಸವನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡುವುದಿಲ್ಲ. ಬೆನ್ನ ಹಿಂದಿನ ಹಲಗೆಯ ಮೇಲೆ ಬರೆದು, 'ಅಲ್ಲಿ ನೋಡಿ' ಎಂದು ಬೆರಳು ತೋರಿಸುತ್ತಾನೆ. ಅವನಲ್ಲಿರುವುದು ಒಂದೇ ಹಲಗೆ. ಎರಡನೆಯ ಹೆಸರು ಕೇಳಿದರೆ ಮೊದಲಿನದನ್ನು ಒರೆಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತಾನೆ. ಮೊದಲ ವಿಳಾಸವನ್ನು ನಕಲು ಮಾಡಿಕೊಳ್ಳದೆ, ಬೆರಳು ತೋರಿಸಿದ ಜಾಗವನ್ನಷ್ಟೇ ನೆನಪಿಟ್ಟುಕೊಂಡವರಿಗೆ ಆಮೇಲೆ ಅಲ್ಲಿ ಕಾಣುವುದು ಎರಡನೆಯವರ ವಿಳಾಸ.

ಎರಡು ವರ್ಷದ ಹಿಂದೆ ಕುರಿಗಾರರೇ ಕೇಂದ್ರಕ್ಕೆ ಬಂದು ಒಂದು ಬೇಡಿಕೆ ಇಟ್ಟಿದ್ದರು. ಅಕ್ಕ ತಮ್ಮ, ಅಣ್ಣ ತಮ್ಮ, ಬೀಗರು, ಹೀಗೆ ಎರಡು ಹಿಂಡು ಒಂದೇ ದಾರಿ ಹಿಡಿದು ಹೋಗುವುದು ಅವರ ಪದ್ಧತಿ. ಮೇವು ಸಾಲಬೇಕೆಂದು ಬೇರೆ ಬೇರೆ ಹೊಲದಲ್ಲಿ ಇಳಿಯುತ್ತಾರೆ. ಆಪತ್ತಿಗೆ ಆಗಬೇಕೆಂದು ಕೂಗಳತೆ ಮೀರಿ ಹೋಗುವುದಿಲ್ಲ. ಒಂದು ಹಿಂಡಿಗೆ ಅಪಾಯವಾದರೆ ಜೋಡಿಯವರಿಗೂ ತಿಳಿಯಲಿ ಎಂದು ಅವರು ಕೇಳಿದ್ದರು. ಸರಿ, ದಾಕ್ಷಾಯಣಿ ಅವಸರದಲ್ಲಿ ನಾಲ್ಕು ಸಾಲು ಸೇರಿಸಿದ್ದಳು: ಅಪಾಯದಲ್ಲಿರುವ ಹಿಂಡಿನ ವಿಳಾಸ ಕೇಳು, ಜೋಡಿಯ ವಿಳಾಸ ಕೇಳು, ಮೊದಲನೆಯದಕ್ಕೆ ಉದ್ದ ಗಂಟೆ, ಎರಡನೆಯದಕ್ಕೆ ಗಿಡ್ಡ ಗಂಟೆ. ಹಲಗೆ ಒಂದೇ ಎಂಬುದನ್ನು ಆಗ ಮರೆತಿದ್ದಳು; ಆಮೇಲೆ ಆ ನಾಲ್ಕು ಸಾಲನ್ನೇ ಮರೆತಿದ್ದಳು. ಹೀಗಾಗಿ ಎರಡೂ ಗಂಟೆಗಳು ಜೋಡಿಯವರಿಗೇ ಹೋಗುತ್ತಿದ್ದವು. ಅಪಾಯದಲ್ಲಿದ್ದವರಿಗೆ ಏನೂ ಇಲ್ಲ.

ಅವಳಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು. ಸಾವಿನ ಸುದ್ದಿಯನ್ನು ಎರಡು ವರ್ಷ ಪಕ್ಕದವರಿಗೆ ಮುಟ್ಟಿಸಿದ್ದಾಳೆ! ಒಂಬತ್ತು ಗಂಟೆಗೆ ಕೇಂದ್ರ ತಲುಪಿ, ಮೊದಲ ವಿಳಾಸವನ್ನು ನಕಲು ಮಾಡಿ ಇಟ್ಟುಕೊಳ್ಳುವ ಎರಡು ಸಾಲು ಬರೆದು, ಪರೀಕ್ಷಿಸಿ, ಹತ್ತೂವರೆಯೊಳಗೆ ಎಲ್ಲ ಫ್ಯಾನಿನ ಡಬ್ಬಿಗಳಿಗೂ ಹೊಸ ಪ್ರೋಗ್ರಾಮ್ ಹತ್ತಿಸಿಬಿಟ್ಟಳು. ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳು; ಕಾಯಲು ಪುರುಸೊತ್ತಿರಲಿಲ್ಲ.

ಕಟ್ಟಿಯವರ ಪ್ರಬಂಧ ಹುಟ್ಟುವ ಮೊದಲೇ ಸತ್ತಿತು. ಆದರೂ ಅವರು ಕೇಳಿದ ಪ್ರಶ್ನೆ ಹಿರಿಯರ ಪ್ರಶ್ನೆಯೇ. "ಕುರುಬರಿಗೆ ತಿಳಿಸೀರೇನ್ರಿ?"

"ತಿಳಿಸೂದೇನ್ರಿ ಸರ್, ಕೆಟ್ಟದ್ದು ರಿಪೇರಿ ಆತು ಅಷ್ಟ. ಆದ್ರ ಗಂಟೆ ಬಡೀಲಾರ್ದ ಅವ್ರು ಹೆಂಗ ಉಳಕೊಂಡ್ರು ಅಂತ ನನಗ ತಿಳೀಬೇಕ್ರಿ. ಹೋಗಿ ಕೇಳಿ ಬರ್ತೀನಿ."

ಮುಂಡರಗಿ ದಾರಿಯಲ್ಲಿ ಎರೆ ಹೊಲವೊಂದರ ದಿಬ್ಬದ ಮೇಲೆ ಮಾಳವ್ವನ ಹಟ್ಟಿ ಇತ್ತು. ಗೊಬ್ಬರವಾಗಲೆಂದು ಹೊಲದ ಗೌಡರು ಕುರಿ ನಿಲ್ಲಿಸಿಕೊಂಡಿದ್ದರು. ಅರವತ್ತರ ಹೆಂಗಸು ಮಾಳವ್ವ. ಗಂಡ ಹೋದ ಮೇಲೆ ಹಿಂಡನ್ನು ತಾನೇ ನಡೆಸುತ್ತಿದ್ದಳು. ಕರಿ ಕಂಬಳಿಯ ಗುಡಾರ, ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ನೆಟ್ಟ ಬಲೆಯೊಳಗೆ ಒಂಬತ್ತು ಎಳೆ ಮರಿಗಳು. ಮೂರು ಹೊಲದಾಚೆ, ತಗ್ಗಿನಲ್ಲಿ ಲಗಮಣ್ಣನ ಹಿಂಡು ಮೇಯುತ್ತಿತ್ತು.

ಮಾಳವ್ವ ಕಂಬಳಿ ಹಾಸಿ ಕೂರಿಸಿದಳು. ಕುರಿಹಾಲಿನ ದಪ್ಪ ಚಹಾ ಕೊಟ್ಟಳು. ಗಂಟೆಯ ಮಾತೆತ್ತಿದ ಕೂಡಲೇ ಅವಳ ಮುಖ ಅರಳಿತು.

"ಭಾಳ ಶಾಣ್ಯಾ ಮಂದಿ ತಂಗಿ ನೀವು. ಮೊದಲ ನಮಗ ತಿಳೀಲಿಲ್ಲ. ಲಗಮ್ಯಾನ ಗಂಟಿ ಬಡೀತಂತ ಅಂವ ಓಡಿದ, ಸಿಡ್ಲ ನೋಡಿದ್ರ ನನ್ನ ಮಗ್ಗಲಾಗ ಬಿತ್ತು. ಇನ್ನೊಮ್ಮೆ ನಂದು ಬಡೀತು, ಬಿದ್ದದ್ದು ಅವನ ಕಡೆ. ಮೂರ್ನೇದಕ್ಕ ತಿಳೀತು. ನಂದು ಬಡದ್ರ ಅವಗ ಬಂತು. ಅವಂದು ಬಡದ್ರ ನನಗ ಬಂತು. ನನ್ನ ಗಂಟಿ ಬಡದ ಕೂಡ್ಲೆ ನಾ ಚೀರತೀನಿ, ಅಂವ ಕುರಿ ಹೊಡಕೊಂಡು ಓಡತಾನ. ನಾವು ಮಂದಿಗೆಲ್ಲ ಹೇಳೀವಿ. ಜೋಡಿ ಹಟ್ಟ್ಯಾಗ ಎಲ್ಲಾರೂ ಹಿಂಗ."

ದಾಕ್ಷಾಯಣಿ ಲೋಟ ಕೆಳಗಿಟ್ಟಳು. "ನಿಮಗ ನಿಮ್ಮ ಗಂಟೆನ ಬಡದ್ರ ಚಲೋ ಆಗ್ತಿದ್ದಿಲ್ಲೇನ ಯಕ್ಕಾ?"

"ಅಯ್ಯ, ನನ್ನ ಜೀವಕ್ಕಂದ್ರ 'ತಡಿ, ಇನ್ನೊಂದೀಟು ಮೇಯ್ಲಿ' ಅಂತ ಕುಂದರ್ತೀನಿ. ತಮ್ಮಂದಂದ್ರ ಕಾಲು ನಿಲ್ತಾವೇನು? ಅದಕ್ಕ ನೀವು ಹಂಗ ಮಾಡೀರಿ, ನನಗ ಗೊತ್ತಿಲ್ಲೇನು!"

ದಾಕ್ಷಾಯಣಿ ತಟ್ಟನೆ ಎದ್ದು ನಿಂತಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರೂ ಇಷ್ಟು ಅನಾಹುತ ಆಗುತ್ತಿರಲಿಲ್ಲ. ನಲವತ್ತು ಜೋಡಿಯ ಜನ ತಮ್ಮ ಬುದ್ಧಿಯಿಂದ ಕಟ್ಟಿಕೊಂಡಿದ್ದ ಅರ್ಥವನ್ನು ಅವಳು ಬೆಳಿಗ್ಗೆ ಹತ್ತೂವರೆಗೆ ತಲೆಕೆಳಗು ಮಾಡಿ ಬಂದಿದ್ದಳು. ಕಟ್ಟಿಯವರಿಗೆ ಫೋನ್ ಹಚ್ಚಿ, ಹಳೆಯ ಪ್ರೋಗ್ರಾಮನ್ನೇ ಮತ್ತೆ ಹತ್ತಿಸಿ ಎಂದು ಅರಚಿದಳು. "ಎಲ್ಲಾ ಡಬ್ಬಿಗೂ ಮುಟ್ಟಲಿಕ್ಕೆ ಇಪ್ಪತ್ತು ನಿಮಿಷರ ಬೇಕ್ರಿ," ಎಂದರು ಅವರು. ಗುಡ್ಡದ ಕಡೆಯಿಂದ ಮೋಡ ಎದ್ದು ಅರ್ಧ ಬಾನು ತುಂಬಿತ್ತು.

ಫೋನ್ ಇಳಿಸುವಷ್ಟರಲ್ಲಿ ಮಾಳವ್ವನ ಟಗರಿನ ಕೊರಳಲ್ಲಿ ಗಂಟೆ ಬಡಿಯಿತು. ಉದ್ದನೆಯ ಗಂಟೆ, ಒಂದೇ ಸಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಮಾಳವ್ವನ ಸುದ್ದಿ ಮಾಳವ್ವನಿಗೇ ಮುಟ್ಟಿತ್ತು.

ಮಾಳವ್ವ ನೆಟ್ಟಗೆ ದಿಬ್ಬದ ತುದಿಗೆ ಓಡಿದಳು. "ಲಗಮ್ಯಾ! ಏ ಲಗಮ್ಯಾ! ಹೊಡಿ ಕುರಿ! ಓಡೋ!"

ಆ ಕಡೆ ಲಗಮಣ್ಣನ ಗಂಟೆ ಗಿಡ್ಡಗೆ ಬಡಿದಿರಬೇಕು. ಗಿಡ್ಡವೋ ಉದ್ದವೋ, ಅವನ ಪಾಲಿಗೆ ತನ್ನ ಗಂಟೆ ಎಂದರೆ ಅಕ್ಕನ ಅಪಾಯ. ಅವನೂ ಬದುವಿನ ಮೇಲೆ ನಿಂತು ಎರಡೂ ಕೈ ಬೀಸಿ ಕೂಗತೊಡಗಿದ. "ಯಕ್ಕಾ! ಈ ಕಡಿ ಬಾ! ನಿನಗ ಬಂತು!"

"ನೋಡ ನೋಡ, ತನ್ನ ಜೀವ ಬಿಟ್ಟು ನನ್ನ ಕರೀತಾನ ಮೂಳ!" ಎಂದು ಮಾಳವ್ವ ಇನ್ನೂ ಜೋರಾಗಿ ಚೀರಿದಳು. ಅಕ್ಕ ತಮ್ಮನಿಗೆ ಓಡು ಎನ್ನುತ್ತಿದ್ದಳು, ತಮ್ಮ ಅಕ್ಕನಿಗೆ ಓಡು ಎನ್ನುತ್ತಿದ್ದ, ಇಬ್ಬರೂ ನಿಂತಲ್ಲಿಂದ ಕದಲಲಿಲ್ಲ. ಎರಡು ನಿಮಿಷ ಹೀಗೇ ಹೋಯಿತು.

ದಾಕ್ಷಾಯಣಿ ಅವಳ ರಟ್ಟೆ ಹಿಡಿದಳು. "ಯಕ್ಕಾ, ಇವತ್ತಿಂದು ನಿನಗ ಬಂದದ್ದು! ಮುಂಜಾನೆ ನಾನ ಬದಲಿ ಮಾಡೀನಿ. ಸಿಡ್ಲ ಬೀಳೂದು ಈ ದಿಬ್ಬಕ್ಕ!"

"ಹೋಗ ತಂಗಿ, ಎರಡು ವರ್ಷದಾಗ ಒಮ್ಮೆರ ಸುಳ್ಳಾಗಿಲ್ಲ ಇದು. ನನ್ನ ತಮ್ಮ ಸಾಯ್ಲಿ ಅಂತೀಯೇನು?" ಮಾಳವ್ವ ಕೈ ಕೊಸರಿಕೊಂಡಳು.

ಮತ್ತೂ ಎರಡು ನಿಮಿಷ ಹೋಯಿತು. ಹಲಗೆ, ನಕಲು, ವಿಳಾಸ, ಇವನ್ನೆಲ್ಲ ವಿವರಿಸುವ ಹೊತ್ತಲ್ಲ ಅದು. ದಾಕ್ಷಾಯಣಿಗೆ ಒಂದೇ ದಾರಿ ಕಂಡಿತು: ಮಾಳವ್ವ ನಂಬಿದ್ದನ್ನೇ ತಾನೂ ನಂಬಿದಂತೆ ಆಡುವುದು.

"ಹಂಗಾರ ಅಂವ ಕೂಗಿಗೆ ಏಳಂಗಿಲ್ಲ. ಇಬ್ರೂ ಹೋಗಿ ರಟ್ಟಿ ಹಿಡದು ಎಳಕೊಂಡು ಬರೂನು ನಡಿ!"

ಆ ಮಾತು ನಾಟಿತು. ಮಾಳವ್ವ ಟಗರಿಗೆ ಸೀಟಿ ಹಾಕಿ ತಗ್ಗಿನತ್ತ ಓಡಿದಳು; ಟಗರಿನ ಹಿಂದೆ ಹಿಂಡು ಧೂಳೆಬ್ಬಿಸಿಕೊಂಡು ಇಳಿಯಿತು. ದಾಕ್ಷಾಯಣಿ ಬಲೆಯ ಹತ್ತಿರ ನಿಂತಳು.

"ಮರಿ? ಮರಿ ತಗೋ ಯಕ್ಕಾ!"

"ಅವಕ್ಕೇನಾಗತೈತಿ, ಇಲ್ಲೆ ಇರ್ಲಿ. ಬೀಳೂದು ಅಲ್ಲಿ!" ಮಾಳವ್ವ ತಿರುಗಿಯೂ ನೋಡಲಿಲ್ಲ.

ಅವಳು ಹೇಳಿದ್ದು ಸರಿಯೇ. ಅಪಾಯ ಆ ಕಡೆ ಎಂದು ಒಪ್ಪಿಕೊಂಡ ಮೇಲೆ ಮರಿಗಳನ್ನು ಅಪಾಯದ ಕಡೆಗೆ ಹೊತ್ತೊಯ್ಯುವ ಹುಚ್ಚರು ಯಾರಿದ್ದಾರೆ? ದಾಕ್ಷಾಯಣಿ ಬಲೆಗೆ ಕೈಹಾಕಿ ಸಿಕ್ಕ ಎರಡು ಮರಿಗಳನ್ನು ಎದೆಗವಚಿಕೊಂಡು ಓಡಿದಳು. ಮೂರನೆಯದಕ್ಕೆ ಕೈಯಿರಲಿಲ್ಲ. ಎರಡನೆಯ ಹೊಲ ದಾಟುವಾಗ ಲಗಮಣ್ಣ ಎದುರಿಗೆ ಓಡಿ ಬಂದ. ಅಕ್ಕ ತಮ್ಮ ಒಬ್ಬರ ತೋಳನ್ನೊಬ್ಬರು ಹಿಡಿದು ತಮ್ಮ ತಮ್ಮ ಕಡೆಗೆ ಎಳೆಯತೊಡಗಿದರು. ಆಗ ಹಿಂದೆ ದಿಬ್ಬ ಬೆಳ್ಳಗಾಯಿತು, ಕಿವಿ ಮುಚ್ಚಿಹೋದವು.

ಮಳೆ ನಿಂತ ಮೇಲೆ ಮೂವರೂ ದಿಬ್ಬ ಹತ್ತಿದರು. ಗುಡಾರದ ಕಂಬಳಿ ಸುಟ್ಟು ನಾರುತ್ತಿತ್ತು. ಬಲೆಯೊಳಗೆ ಏಳು ಮರಿಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ್ದವು, ಮೈಮೇಲೆ ಗಾಯವಿರಲಿಲ್ಲ. ಮಾಳವ್ವ ಒಂದೊಂದನ್ನೂ ಮುಟ್ಟಿ ನೋಡಿ, ಕೊನೆಯದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು, ಮುಚ್ಚುಮರೆಯಿಲ್ಲದೆ, ಅಳುತ್ತ. ಲಗಮಣ್ಣ ಹಲ್ಲು ಕಚ್ಚಿ ಆಚೆ ಹೋಗಿ ನಿಂತ.

"ಅಂದ್ರ ಮೊದಲಿಂದು ತಪ್ಪಿತ್ತು?" ಎಂದಳು ಮಾಳವ್ವ.

"ಹೌದು ಯಕ್ಕಾ."

"ಇವತ್ತಿಂದು ಬರೋಬ್ಬರಿ?"

"ಹೌದು."

"ತಪ್ಪಿನ ಕೂಡ ನಾವು ಎರಡು ವರ್ಷ ಬಾಳೆ ಮಾಡಿದ್ವಿ ತಂಗಿ. ತಿದ್ದೂ ಮುಂದ ನಮ್ಮನ್ನೊಂದು ಮಾತು ಕೇಳಿದ್ರ ನಿನ್ನ ಗಂಟು ಹೋಗ್ತಿತ್ತೇನು?"

ಹಳೆಯ ಪ್ರೋಗ್ರಾಮ್ ಅಂದೇ ಮರಳಿ ಹತ್ತಿತು. ಆಮೇಲಿನ ಹದಿನೈದು ದಿನ ದಾಕ್ಷಾಯಣಿ ಮಾಡಿದ ಕೆಲಸವನ್ನು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಲಿಸುವುದಿಲ್ಲ: ನಲವತ್ತು ಜೋಡಿ ಹಟ್ಟಿಗಳನ್ನು ಹುಡುಕಿಕೊಂಡು ಹೋಗಿ ಕೇಳಿದಳು. ಎಲ್ಲರದೂ ಒಂದೇ ಮಾತು, ಈಗಿದ್ದಂತೆಯೇ ಇರಲಿ. ಅಂಕಿಗಳೂ ಅದನ್ನೇ ಹೇಳಿದವು. ತಮ್ಮ ಗಂಟೆಯನ್ನು ತಾವೇ ಕೇಳುವ ಒಂಟಿ ಹಿಂಡುಗಳು ಕದಲಲು ಸರಾಸರಿ ಒಂಬತ್ತು ನಿಮಿಷ ತೆಗೆದುಕೊಳ್ಳುತ್ತಿದ್ದವು. ಜೋಡಿಗಳು ನಾಲ್ಕು.

"ಖರೆ ಅದ," ಎಂದರು ಕಟ್ಟಿಯವರು. "ಆದ್ರ ತಪ್ಪನ್ನ ತಪ್ಪಂತ ಗೊತ್ತಿದ್ದೂ ಹಂಗ ಇಡಲಿಕ್ಕೆ ಬರತದೇನ್ರಿ? ನಾಳೆ ನಿಮ್ಮ ಜಾಗಾಕ್ಕ ಬ್ಯಾರೆ ಯಾರರೆ ಬರ್ತಾರ. ನಿಮ್ಮಂಗ ಶಾಣ್ಯಾ ಇರ್ತಾರ. ನೋಡತಾರ, ತಿದ್ದತಾರ."

ಅದೇ ಭಯ ಅವಳಿಗೂ ಇತ್ತು. ಆದ್ದರಿಂದ ಅವಳು ತಪ್ಪನ್ನು ಉಳಿಸಲಿಲ್ಲ. ಎರಡು ವಿಳಾಸಗಳನ್ನೂ ಬೇರೆ ಬೇರೆಯಾಗಿ ನಕಲು ಮಾಡಿಕೊಳ್ಳುವಂತೆ ಪ್ರೋಗ್ರಾಮನ್ನು ಶುದ್ಧವಾಗಿ ಬರೆದಳು. ಆಮೇಲೆ, ಬೇಕೆಂದೇ, ಅಪಾಯದಲ್ಲಿರುವವರ ಸುದ್ದಿ ಜೋಡಿಯವರಿಗೆ ಹೋಗುವಂತೆ ಒಂದು ಸಾಲು ಸೇರಿಸಿದಳು. ಆ ಸಾಲಿನ ಮೇಲೆ, ಹದಿಮೂರು ವರ್ಷದಲ್ಲಿ ಮೊದಲ ಸಲ ಕನ್ನಡದಲ್ಲಿ, ಮುಂದೆ ಓದುವವರಿಗಾಗಿ ಟಿಪ್ಪಣಿ ಬರೆದಳು:

'ಇಲ್ಲಿ ಸುದ್ದಿ ಒಬ್ಬರದು, ವಿಳಾಸ ಇನ್ನೊಬ್ಬರದು. ಇದು ತಪ್ಪಲ್ಲ. ತಿದ್ದಬೇಕೆನ್ನಿಸಿದರೆ ಮೊದಲು ಬಯಲಿಗೆ ಹೋಗಿ ಮಾಳವ್ವನನ್ನು ಕೇಳಿ. ನಾನು ಕೇಳದೆ ಒಮ್ಮೆ ತಿದ್ದಿದ್ದೆ. ಏಳು ಮರಿ ಸತ್ತವು.'